ಬಿರುದು ಮತ್ತು ಶಾಪ: ಮಧ್ಯಕಾಲೀನ ಕನ್ನಡ ಕಥನಗಳಲ್ಲಿ ತರುಣನ ಗಂಡಸುತನ

1

ಕನ್ನಡದ 'ಗಂಡ' ಎಂಬ ಪದಕ್ಕೆ ಪುರುಷ, ಶೂರ, ಪತಿ ಎಂಬ ಮೂರು ಅರ್ಥಗಳಿವೆ. ಮೂರು ಅರ್ಥಗಳು ಒಂದೇ ಪದದಲ್ಲಿ ನೆಲೆಗೊಂಡಿರುವುದನ್ನು ನಿಘಂಟಿನ ಸಂಗತಿಯೆಂದು ಮಾತ್ರ ಪರಿಗಣಿಸಿ ಮುಂದೆ ಸಾಗುವುದು ಸುಲಭ. ಆದರೆ ಶಾಸನಗಳ ಬಿರುದಾವಳಿಗಳನ್ನು ಗಮನಿಸಿದಾಗ ಪ್ರಶ್ನೆ ಬೇರೆಯಾಗುತ್ತದೆ. ಹೊಯ್ಸಳರ 'ಮಲೆಪರೊಳ್ ಗಂಡ', ವಿಜಯನಗರದ ಅರಸರ 'ಮೂರುರಾಯರ ಗಂಡ', 'ಭಾಷೆಗೆ ತಪ್ಪುವ ರಾಯರ ಗಂಡ' ಮೊದಲಾದ ಬಿರುದುಗಳಲ್ಲಿ ಒಬ್ಬ ಗಂಡಸು ಗಂಡನಾಗುವುದು ಹೆಣ್ಣಿಗಲ್ಲ, ಇತರ ಗಂಡಸರಿಗೆ. ಇಲ್ಲಿ ಗಂಡಸುತನವೆಂಬುದು ಹುಟ್ಟಿನಿಂದ ಬಂದ ದೇಹಲಕ್ಷಣವಲ್ಲ. ಇತರರ ಎದುರಿನಲ್ಲಿ ಗಳಿಸಬೇಕಾದ, ಇತರರಿಂದ ಘೋಷಿಸಲ್ಪಡಬೇಕಾದ ಒಂದು ಸ್ಥಾನ. ವೀರನ ಕಾಲಿಗೆ ತೊಡಿಸುತ್ತಿದ್ದ 'ಗಂಡಪೆಂಡೇರ'ವೆಂಬ ಆಭರಣ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ತಾನೇ ತೊಟ್ಟುಕೊಂಡರೆ ಬೆಲೆಯಿಲ್ಲ. ಬೇರೊಬ್ಬರು ತೊಡಿಸಬೇಕು, ನಾಲ್ಕು ಜನ ನೋಡಬೇಕು.

ಹಾಗಾದರೆ ಇನ್ನೂ ಪೆಂಡೇರ ತೊಡದ ತರುಣನ ಸ್ಥಿತಿ ಏನು? ಅವನ ಭಯಕ್ಕೆ, ಅವನ ಬಯಕೆಗೆ, ಅವನ ನಿರಾಕರಣೆಗೆ ನಮ್ಮ ಮಧ್ಯಕಾಲೀನ ಕಥನಗಳು ಯಾವ ಭಾಷೆಯನ್ನು ಒದಗಿಸಿವೆ? ನಮ್ಮ ಕಾವ್ಯಮೀಮಾಂಸೆಯ ಓದು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಲ್ಲ. ವೀರ, ಶೃಂಗಾರ, ಹಾಸ್ಯ ಎಂದು ರಸವಿಭಾಗ ಮಾಡಿ ತರುಣನನ್ನು ಆಯಾ ರಸದ ಖಾತೆಗೆ ಜಮೆಮಾಡುವುದರಲ್ಲಿ ನಾವು ತೃಪ್ತರಾಗಿದ್ದೇವೆ. ಸ್ತ್ರೀವಾದಿ ಓದು ಬಂದ ಮೇಲೆ ನಮ್ಮ ಕಾವ್ಯಗಳ ಹೆಣ್ಣುಗಳನ್ನು ಕುರಿತು ಹೊಸ ಪ್ರಶ್ನೆಗಳು ಎದ್ದವು; ಅದರಿಂದ ವಿಮರ್ಶೆಗೆ ಅಪಾರ ಲಾಭವಾಯಿತು. ಆದರೆ ಅದೇ ಪ್ರಶ್ನೆಗಳನ್ನು ಗಂಡು ಪಾತ್ರಗಳ ಕಡೆಗೆ ತಿರುಗಿಸಿದಾಗ ಏನು ಕಾಣುತ್ತದೆ ಎಂಬುದನ್ನು ನೋಡುವ ಕೆಲಸ ಇನ್ನೂ ಸಾಕಷ್ಟು ನಡೆದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಮುಖ್ಯವಾಗಿ ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ಓದಲು ಯತ್ನಿಸಿದ್ದೇವೆ. ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ'ಯಲ್ಲಿ ಬರುವ ಅರ್ಜುನ-ಊರ್ವಶಿಯರ ಪ್ರಸಂಗ, ಅದೇ ಕಾವ್ಯದ ವಿರಾಟಪರ್ವದ ಉತ್ತರಕುಮಾರನ ಪ್ರಸಂಗ, ಹಾಗೂ ನಂಜುಂಡಕವಿಯ 'ರಾಮನಾಥ ಚರಿತೆ' ಮತ್ತು ಜನಪದ ಪರಂಪರೆಯಲ್ಲಿ ಉಳಿದುಬಂದಿರುವ ಕುಮಾರರಾಮ-ರತ್ನಾಜಿಯರ ಪ್ರಸಂಗ. ಅರ್ಜುನನೂ ಕುಮಾರರಾಮನೂ ಮಾಡುವ ಕೆಲಸ ಒಂದೇ: ತಾಯಿಯ ಸ್ಥಾನದಲ್ಲಿರುವ ಹೆಣ್ಣಿನ ಬಯಕೆಯನ್ನು ನಿರಾಕರಿಸುವುದು. ಒಬ್ಬನಿಗೆ ಅದರಿಂದ ಗಂಡಸುತನ ಕಳೆಯುವ ಶಾಪ ದೊರೆಯುತ್ತದೆ. ಇನ್ನೊಬ್ಬನಿಗೆ ಗಂಡಸುತನದ ಅತ್ಯುಚ್ಚ ಬಿರುದು ಲಭಿಸುತ್ತದೆ. ಶಾಪ ಪಡೆದವನು ಬದುಕುತ್ತಾನೆ, ಬಿರುದು ಪಡೆದವನು ಸಾಯುತ್ತಾನೆ. ಈ ವ್ಯತ್ಯಾಸವೇ ನಮ್ಮ ಚರ್ಚೆಯ ಕೇಂದ್ರ.

2

ಇದಕ್ಕೆ ಪೂರ್ವಪೀಠಿಕೆಯಾಗಿ ಪಂಪನನ್ನು ಸ್ಮರಿಸುವುದು ಅಗತ್ಯ. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದಲ್ಲಿ ಆಳುತ್ತಿದ್ದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ ಕ್ರಿ.ಶ. 941ರಲ್ಲಿ ರಚಿತವಾದ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನನೇ ನಾಯಕ. ಅವನು ಅರಿಕೇಸರಿಯೂ ಹೌದು. ಈ ಅರ್ಜುನನಿಗೆ ಬಯಕೆಯ ಭಾಷೆಯ ಕೊರತೆಯಿಲ್ಲ. ಸುಭದ್ರೆಯಲ್ಲಿ ಮನಸ್ಸಿಟ್ಟ ಅವನು ವಿರಹದಿಂದ ತಳಮಳಿಸುತ್ತಾನೆ, ದ್ವಾರಾವತಿಯ ವೇಶ್ಯಾವಾಟದಲ್ಲಿ ಇರುಳು ತಿರುಗುತ್ತಾನೆ, ಅಲ್ಲಿಯ ಜಗಳ, ಒಲುಮೆ, ಕುಡಿತಗಳನ್ನು ಕುತೂಹಲದಿಂದ ನೋಡುತ್ತಾನೆ. ಅವನ ಹಂಬಲ ಅವನ ಶೌರ್ಯಕ್ಕೆ ಕುಂದಲ್ಲ, ಭೂಷಣ. ಚಂಪೂಕಾವ್ಯದ ನಾಯಕ ಬೇಟದಲ್ಲಿಯೂ ಕಾಳೆಗದಲ್ಲಿಯೂ ಸಮಾನವಾಗಿ ಮೆರೆಯಬೇಕೆಂಬುದು ಅಲ್ಲಿನ ಅಪೇಕ್ಷೆ.

ಆದರೆ ಈ ಭಾಷೆ ಯಾರದು ಎಂಬುದನ್ನು ಮರೆಯಬಾರದು. ಅದು ಅರಸನ ಭಾಷೆ. ಊರಿನ ದನ ಕಾಯುವ ತರುಣನಿಗಾಗಲಿ, ಬಂಟನಿಗಾಗಲಿ ಆ ಭಾಷೆ ದೊರೆತಿರಲಿಲ್ಲ. ಅಂಥ ತರುಣರು ಸಾಹಿತ್ಯದಲ್ಲಿ ಕಾಣಿಸುವುದಕ್ಕಿಂತ ಮಿಗಿಲಾಗಿ ವೀರಗಲ್ಲುಗಳಲ್ಲಿ ಕಾಣಿಸುತ್ತಾರೆ. ತುರುಗೋಳಿನಲ್ಲಿ, ಅಂದರೆ ದನಗಳ ಹಿಂಡನ್ನು ಹಿಡಿದೊಯ್ಯುವವರೊಡನೆ ಕಾದಾಡುತ್ತ ಮಡಿದವರು. ಪೆಣ್ಬುಯ್ಯಲಿನಲ್ಲಿ, ಅಂದರೆ ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಕೂಗಿಗೆ ಓಗೊಟ್ಟು ಸತ್ತವರು. ಕಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಅವರನ್ನು ಅಪ್ಸರೆಯರು ಇಕ್ಕೆಲಗಳಲ್ಲಿ ಹಿಡಿದು ಸ್ವರ್ಗಕ್ಕೆ ಒಯ್ಯುತ್ತಾರೆ. ಸಾಮಾನ್ಯ ತರುಣನ ಬಯಕೆಗೆ ಸಮಾಜ ಒದಗಿಸಿದ ಸ್ಥಳ ಅದು: ಸತ್ತ ಮೇಲೆ, ಕಲ್ಲಿನಲ್ಲಿ, ಎರಡನೆಯ ಪಟ್ಟಿಕೆಯಲ್ಲಿ. ಹೆದರಿ ಹಿಂದಿರುಗಿದ ತರುಣನಿಗೆ ಕಲ್ಲಿಲ್ಲ. ಅವನು ಬದುಕಿ ಏನು ಮಾಡಿದನೆಂಬುದನ್ನು ತಿಳಿಯಲು ನಮಗೆ ಶಾಸನದ ಆಧಾರವಿಲ್ಲ, ಕಾವ್ಯವೇ ಆಧಾರ.

3

ಅರಣ್ಯಪರ್ವದಲ್ಲಿ ಅರ್ಜುನ ಇಂದ್ರಲೋಕಕ್ಕೆ ಹೋಗುತ್ತಾನೆ. ವೀರಗಲ್ಲಿನ ತರುಣರು ಸತ್ತು ಪಡೆಯುವುದನ್ನು ಅವನು ಜೀವಂತನಾಗಿಯೇ ಪಡೆಯುವ ಸಂದರ್ಭ ಅದು. ಅಪ್ಸರೆ ತಾನಾಗಿ ಅವನ ಬಳಿಗೆ ಬರುತ್ತಾಳೆ. ಅರ್ಜುನ ಒಪ್ಪುವುದಿಲ್ಲ. ಊರ್ವಶಿ ಪುರೂರವನ ಮಡದಿಯಾಗಿದ್ದವಳು, ಆದ್ದರಿಂದ ತನ್ನ ವಂಶಕ್ಕೆ ತಾಯಿ ಎಂಬುದು ಅವನ ವಾದ. ದೇವಲೋಕದ ಹೆಣ್ಣುಗಳಿಗೆ ಭೂಲೋಕದ ನಂಟಿನ ಕಟ್ಟುಗಳಿಲ್ಲ ಎಂಬುದು ಅವಳ ವಾದ. ಕುಮಾರವ್ಯಾಸ ಈ ಸಂವಾದವನ್ನು ವಿಸ್ತಾರವಾಗಿ ಬೆಳೆಸಿದ್ದಾನೆ. ಕೊನೆಗೆ ಕೆರಳಿದ ಊರ್ವಶಿ ಅವನಿಗೆ ನಪುಂಸಕನಾಗುವ ಶಾಪ ಕೊಡುತ್ತಾಳೆ. ಇಂದ್ರನ ಅನುಗ್ರಹದಿಂದ ಅದು ಒಂದು ವರ್ಷಕ್ಕೆ ಸೀಮಿತವಾಗಿ ಅಜ್ಞಾತವಾಸಕ್ಕೆ ಉಪಯೋಗವಾಗುತ್ತದೆ.

ನಮ್ಮ ಪಾಠಕ್ರಮದಲ್ಲಿ ಈ ಪ್ರಸಂಗವನ್ನು ಅರ್ಜುನನ ಇಂದ್ರಿಯನಿಗ್ರಹಕ್ಕೆ ಉದಾಹರಣೆಯಾಗಿ ಓದುವುದು ರೂಢಿ. ಆ ಓದು ತಪ್ಪಲ್ಲ, ಆದರೆ ಅಪೂರ್ಣ. ಗಮನಿಸಬೇಕಾದ ಅಂಶವೆಂದರೆ, ನಿರಾಕರಣೆಯನ್ನು ಅರ್ಥೈಸುವ ಅಧಿಕಾರ ಇಲ್ಲಿ ಅರ್ಜುನನ ಕೈಯಲ್ಲಿಲ್ಲ. ಬೇಡವೆಂದವನು ಗಂಡಸೇ ಅಲ್ಲ ಎಂಬುದು ಊರ್ವಶಿಯ ತೀರ್ಪು. ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವನ ದೇಹದ ಮೇಲೆ ಬರೆದು ತೋರಿಸುವುದು ಶಾಪದ ಕೆಲಸ. ಬಯಕೆಯನ್ನು ಒಪ್ಪಿಕೊಂಡರೆ ಮಾತ್ರ ಗಂಡು, ಒಪ್ಪದಿದ್ದರೆ ಗಂಡಲ್ಲ ಎಂಬ ನಿಯಮ ದೇವಲೋಕದಲ್ಲಿಯೂ ಜಾರಿಯಲ್ಲಿದೆ ಎಂಬುದನ್ನು ಕವಿ ಅರಿತಿದ್ದಾನೆ.

ಶಾಪಗ್ರಸ್ತನಾದ ಅರ್ಜುನ ಬೃಹನ್ನಳೆಯಾಗಿ ವಿರಾಟನ ಅಂತಃಪುರದಲ್ಲಿ ಉತ್ತರೆಗೆ ನಾಟ್ಯ ಕಲಿಸುತ್ತಾನೆ. ಪರಂಪರೆ ಇದನ್ನು ವೇಷಮರೆಸುವ ಉಪಾಯವೆಂದು ವಿವರಿಸಿದೆ. ಆದರೆ ಕಥೆಯ ಕೊನೆಯಲ್ಲಿ ಒಂದು ಸಂಗತಿ ಬರುತ್ತದೆ. ವಿರಾಟ ತನ್ನ ಮಗಳನ್ನು ಅರ್ಜುನನಿಗೆ ಕೊಡಲು ಮುಂದೆ ಬಂದಾಗ ಅರ್ಜುನ ಅವಳನ್ನು ಸೊಸೆಯಾಗಿ ಸ್ವೀಕರಿಸುತ್ತಾನೆಯೇ ಹೊರತು ಮಡದಿಯಾಗಿ ಅಲ್ಲ. ವ್ಯಾಸಭಾರತದಲ್ಲಿ ಅವನು ಕೊಡುವ ಕಾರಣಗಳಲ್ಲಿ ಒಂದು ಗಮನಾರ್ಹ: ಒಂದು ವರ್ಷ ಅಂತಃಪುರದಲ್ಲಿ ಅವಳೊಡನೆ ಕಳೆದವನು ತಾನು, ಈಗ ಮದುವೆಯಾದರೆ ಲೋಕ ಸಂದೇಹಪಡುತ್ತದೆ. ಮೊದಲ ನಿರಾಕರಣೆಗೆ ಅಪ್ಸರೆಯೊಬ್ಬಳು ಸಾಕ್ಷಿ, ಎರಡನೆಯದಕ್ಕೆ ಲೋಕವೇ ಸಾಕ್ಷಿ. ನಡೆದದ್ದೇನೆಂಬುದಕ್ಕಿಂತ ಜನ ಏನೆಂದುಕೊಳ್ಳುತ್ತಾರೆ ಎಂಬುದು ಗಂಡಸಿನ ನಡೆಯನ್ನು ನಿರ್ಧರಿಸುತ್ತದೆ. ಗಾಂಡೀವವನ್ನು ಹಿಡಿದ ಅರ್ಜುನನೂ ಇದಕ್ಕೆ ಹೊರತಲ್ಲ.

4

ಬೃಹನ್ನಳೆಯ ಆಸರೆಯಲ್ಲಿ ಬರುವ ತರುಣ ಉತ್ತರ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯ ಮೂಲಕ ಅವನು ಕಾವ್ಯ ಓದದವರಿಗೂ ಪರಿಚಿತ. ಕನ್ನಡದಲ್ಲಿ 'ಉತ್ತರಕುಮಾರ' ಎಂಬುದು ಅಂಕಿತನಾಮದಿಂದ ಜಾರಿ ಬಾಯಿಬಡಾಯಿಯವನನ್ನು ಸೂಚಿಸುವ ಸಾಮಾನ್ಯ ಪದವೇ ಆಗಿದೆ. ಯಕ್ಷಗಾನದಲ್ಲಿ 'ಉತ್ತರನ ಪೌರುಷ' ಇಂದಿಗೂ ಜನಪ್ರಿಯ ಪ್ರಸಂಗ. ಕರಾವಳಿಯಲ್ಲಿ ಮಾತ್ರವಲ್ಲ, ಯಕ್ಷಗಾನವನ್ನು ಉಳಿಸಿಕೊಂಡು ಬಂದಿರುವ ಮುಂಬಯಿಯ ಕನ್ನಡಿಗರಿಗೂ ಈ ಪಾತ್ರ ಹೊಸದಲ್ಲ.

ಪ್ರಸಂಗದ ರಚನೆಯನ್ನು ಪರಿಶೀಲಿಸೋಣ. ಕೌರವರು ವಿರಾಟನಗರದ ದನಗಳನ್ನು ಹಿಡಿದಿದ್ದಾರೆ. ಅಂದರೆ ಇದು ತುರುಗೋಳ್. ಕನ್ನಡ ನಾಡಿನ ಅಸಂಖ್ಯ ವೀರಗಲ್ಲುಗಳ ಹಿಂದಿನ ಸಂದರ್ಭವೇ ಇದು. ಸುದ್ದಿ ಬಂದಾಗ ಉತ್ತರ ಹೆಂಗಸರ ನಡುವೆ ಕುಳಿತಿದ್ದಾನೆ. ತಂದೆ ಊರಿನಲ್ಲಿಲ್ಲ, ಸೈನ್ಯವೂ ಅವನೊಡನೆ ಹೋಗಿದೆ. ಕೇಳುವ ಕಿವಿಗಳು ಸುತ್ತಲೂ ಇವೆ. ಆಗ ಅವನಿಗೆ ಲಭ್ಯವಿರುವ ಮಾತು ಒಂದೇ: ಒಳ್ಳೆಯ ಸಾರಥಿ ಇದ್ದಿದ್ದರೆ ಕೌರವರನ್ನು ಧೂಳೆಬ್ಬಿಸುತ್ತಿದ್ದೆ ಎಂಬ ಬಡಾಯಿ. ಇದನ್ನು ಕೇವಲ ಸುಳ್ಳೆನ್ನುವುದಕ್ಕಿಂತ, ಆ ವಯಸ್ಸಿನ ರಾಜಪುತ್ರನಿಂದ ಆ ಸಭೆ ನಿರೀಕ್ಷಿಸುವ ಏಕೈಕ ವಾಕ್ಯವೆನ್ನುವುದು ಹೆಚ್ಚು ಸರಿ. 'ನನಗೆ ಯುದ್ಧದ ಅನುಭವವಿಲ್ಲ, ಹೆದರಿಕೆಯಾಗುತ್ತಿದೆ' ಎಂದು ಆ ಆಸನದಲ್ಲಿ ಕುಳಿತು ಹೇಳಲು ಸಾಧ್ಯವಿದ್ದಿದ್ದರೆ ಬಡಾಯಿಯ ಅಗತ್ಯವೇ ಇರುತ್ತಿರಲಿಲ್ಲ.

ಸೈರಂಧ್ರಿಯ ಸೂಚನೆಯಂತೆ ಬೃಹನ್ನಳೆ ಸಾರಥಿಯಾಗಿ ಬರುತ್ತಾನೆ. ರಥ ಊರ ಹೊರಗೆ ಸಾಗಿ ಕೌರವಸೇನೆಯ ಎದುರು ನಿಂತಾಗ ಉತ್ತರನ ಧೈರ್ಯ ಕುಸಿಯುತ್ತದೆ. ಅವನು ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆ ಬೆನ್ನಟ್ಟಿ ಹಿಡಿಯುತ್ತಾನೆ. ಅದನ್ನು ಕಂಡು ಸೇನೆ ನಗುತ್ತದೆ. ಕುಮಾರವ್ಯಾಸನ ಷಟ್ಪದಿಗಳು ಇಲ್ಲಿ ಅಪೂರ್ವ ಲವಲವಿಕೆಯಿಂದ ಹರಿಯುತ್ತವೆ, ಓದುಗನೂ ನಗುತ್ತಾನೆ. ಆದರೆ ವ್ಯಾಸಭಾರತದಲ್ಲಿ ಇದೇ ಸಂದರ್ಭದಲ್ಲಿ ಉತ್ತರ ಆಡುವ ಮಾತೊಂದರ ಅರ್ಥವನ್ನು ನಾವು ಇಲ್ಲಿ ನೆನಪಿಸಬೇಕಾಗಿದೆ. ದನಗಳನ್ನು ಬೇಕಾದರೆ ಕೌರವರು ಒಯ್ಯಲಿ, ಹೆಂಗಸರೂ ಗಂಡಸರೂ ತನ್ನನ್ನು ಕಂಡು ನಗುವುದಾದರೆ ನಗಲಿ ಎಂಬ ಭಾವದ ಮಾತು ಅದು. ನಾವು ಇಲ್ಲಿ ಪರಿಶೀಲಿಸುತ್ತಿರುವ ತರುಣರ ಪೈಕಿ, ನೋಡುವವರ ತೀರ್ಪನ್ನು ಬಾಯಿಬಿಟ್ಟು ಬಿಟ್ಟುಕೊಡುವವನು ಇವನೊಬ್ಬನೇ. ಅರ್ಜುನ ಲೋಕದ ಸಂದೇಹಕ್ಕೆ ಅಂಜುತ್ತಾನೆ. ಉತ್ತರ ಲೋಕದ ನಗೆಗೆ ಅಂಜುವುದನ್ನು ಆ ಒಂದು ಕ್ಷಣ ಬಿಡುತ್ತಾನೆ. ಅದನ್ನು ಹೇಡಿತನವೆಂದು ಕರೆಯುವುದರಲ್ಲಿ ಸಂಪ್ರದಾಯಕ್ಕೆ ಯಾವ ಅಳುಕೂ ಇಲ್ಲ.

ಮುಂದಿನ ಬೆಳವಣಿಗೆ ಇನ್ನೂ ಮಹತ್ವದ್ದು. ಬೃಹನ್ನಳೆ ಉತ್ತರನನ್ನು ವೀರನನ್ನಾಗಿ ಪರಿವರ್ತಿಸುವುದಿಲ್ಲ. ಶಮೀವೃಕ್ಷದ ಬಳಿ ತನ್ನ ಗುಟ್ಟನ್ನು ಹೇಳಿ, ಉತ್ತರನಿಗೆ ತನ್ನ ಸ್ಥಾನವನ್ನು, ಅಂದರೆ ಸಾರಥಿಯ ಸ್ಥಾನವನ್ನು ಕೊಡುತ್ತಾನೆ. ಕ್ಷಣದ ಹಿಂದೆ ಓಡಿಹೋಗಿದ್ದ ಹುಡುಗ ಆ ಸ್ಥಾನದಲ್ಲಿ ಕುಳಿತು ಭೀಷ್ಮ, ದ್ರೋಣ, ಕರ್ಣರ ಬಾಣಗಳ ನಡುವೆ ಕುದುರೆಗಳನ್ನು ನಡೆಸುತ್ತಾನೆ. ತಾನೇ ಗೆಲ್ಲಬೇಕೆಂಬ ಹೊರೆ ಇಳಿದ ಮೇಲೆ ಅವನಿಗೆ ಧೈರ್ಯ ಬರುತ್ತದೆ. ಆ ಧೈರ್ಯವನ್ನು ಕೊಟ್ಟವರು ಯಾರು? ಲೋಕದ ಕಣ್ಣಿನಲ್ಲಿ ಗಂಡೆನಿಸದ ಒಂದು ಜೀವ. ನಗದೆ ಹಿಡಿದು ನಿಲ್ಲಿಸಿದವರು, ಹೆದರಿಕೆಯನ್ನು ಕಂಡೂ ಬಿಟ್ಟುಹೋಗದವರು ಆ ರಣರಂಗದಲ್ಲಿ ಬೃಹನ್ನಳೆಯೊಬ್ಬರೇ. ಊರ್ವಶಿಯ ಶಾಪಕ್ಕೆ ಕಾವ್ಯ ಒದಗಿಸಿದ ದೊಡ್ಡ ಸಾರ್ಥಕತೆ ಅಜ್ಞಾತವಾಸದ ರಕ್ಷಣೆಯಲ್ಲ. ಒಬ್ಬ ತರುಣನ ರಕ್ಷಣೆ ಎಂಬುದು ನಮ್ಮ ನಿಲುವು.

ಇತ್ತ ಊರಿನಲ್ಲಿ ವಿರಾಟ ಗೆಲುವನ್ನು ಮಗನದೆಂದೇ ನಂಬಿ ಹಿಗ್ಗುತ್ತಾನೆ. ಬೃಹನ್ನಳೆಯಿಂದಲೇ ಗೆಲುವು ಬಂದಿರಬೇಕೆಂದ ಕಂಕನ ಮುಖಕ್ಕೆ ಪಗಡೆಯ ದಾಳವನ್ನು ಬೀಸಿ ಹೊಡೆದು ರಕ್ತ ಬರಿಸುತ್ತಾನೆ. ಮಗನ ಗಂಡಸುತನದಲ್ಲಿ ತಂದೆಯ ಮಾನ ಎಷ್ಟರಮಟ್ಟಿಗೆ ಹೂಡಿಕೆಯಾಗಿದೆ ಎಂಬುದಕ್ಕೆ ಆ ರಕ್ತವೇ ಸಾಕ್ಷಿ. ಆ ಸುಳ್ಳಿನ ಲಾಭವನ್ನು ಪಡೆಯಲು ಉತ್ತರನಿಗೆ ಅವಕಾಶವಿತ್ತು. ಆದರೆ ಗೆದ್ದವನು ತಾನಲ್ಲ ಎಂಬುದನ್ನು ಅವನೇ ಹೇಳುತ್ತಾನೆ. ಮುಂದೆ ಕುರುಕ್ಷೇತ್ರದಲ್ಲಿ, ವ್ಯಾಸಭಾರತದ ಪ್ರಕಾರ ಯುದ್ಧದ ಮೊದಲ ದಿನವೇ ಶಲ್ಯನ ಕೈಯಲ್ಲಿ ಅವನು ಮಡಿಯುತ್ತಾನೆ. ನಮ್ಮ ಗಾದೆ ಅವನ ಬಡಾಯಿಯನ್ನು ಉಳಿಸಿಕೊಂಡಿತು. ಅವನು ಒಪ್ಪಿಕೊಂಡ ಸತ್ಯವನ್ನೂ ಸತ್ತ ರೀತಿಯನ್ನೂ ಉಳಿಸಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಗಾದೆ ಅವನನ್ನು ಸಭೆಯಿಂದ ಎಬ್ಬಿಸಿ ಒಲೆಯ ಮುಂದೆ ಕೂರಿಸಿತು. ಹೆಣ್ಣಿನ ಜಾಗವೆಂದು ಸಮಾಜ ಗುರುತಿಸಿದ ಒಲೆಯ ಬಳಿಗೆ ತಳ್ಳುವುದೇ ಗಂಡಿಗೆ ಕೊಡಬಹುದಾದ ದೊಡ್ಡ ಶಿಕ್ಷೆಯೆಂಬ ನಂಬಿಕೆ ಈ ನಾಲ್ಕು ಪದಗಳಲ್ಲಿದೆ.

5

ಕುಮಾರವ್ಯಾಸನ ಕಾಲ ಸುಮಾರು 15ನೆಯ ಶತಮಾನ. 16ನೆಯ ಶತಮಾನದ ಪೂರ್ವಾರ್ಧದ ನಂಜುಂಡಕವಿ ಸಾಂಗತ್ಯದಲ್ಲಿ ಹಾಡಿದ ಕುಮಾರರಾಮನ ಕಥೆಗೆ ಬಂದಾಗ ನಿರಾಕರಣೆಯ ಬೆಲೆ ತಲೆಕೆಳಗಾಗಿರುವುದು ಕಾಣುತ್ತದೆ.

ಕಥೆ ಎಲ್ಲರಿಗೂ ಗೊತ್ತಿರುವಂಥದು. ಕಂಪಿಲರಾಯನ ಮಗ ರಾಮನಾಥ ಗೆಳೆಯರೊಡನೆ ಚೆಂಡಾಡುತ್ತಿರುವಾಗ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಚೆಂಡು ಕೇಳಲು ಹೋದವನನ್ನು ಅವಳು ಬಯಸುತ್ತಾಳೆ. ಅವನು ತಾಯಿಯೆಂದು ಕರೆದು ನಿರಾಕರಿಸುತ್ತಾನೆ. ಅವಮಾನಿತಳಾದ ಅವಳು ರಾಯನ ಮುಂದೆ ಅವನ ಮೇಲೆಯೇ ದೋಷ ಹೊರಿಸುತ್ತಾಳೆ. ರಾಯ ಮಗನ ತಲೆ ತರುವಂತೆ ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಉಳಿಸುತ್ತಾನೆ. ದಿಲ್ಲಿಯ ಸೇನೆ ಮುತ್ತಿದಾಗ ಸತ್ತನೆಂದು ತಿಳಿದಿದ್ದ ಮಗ ಹೊರಬಂದು ಕಾದಾಡುತ್ತಾನೆ. ಕೊನೆಯ ಯುದ್ಧದಲ್ಲಿ ಮಡಿಯುತ್ತಾನೆ. 'ಪರನಾರೀ ಸಹೋದರ' ಎಂಬುದು ಅವನ ಬಿರುದು.

ಮಲತಾಯಿಯ ಬಯಕೆ, ಮಗನ ನಿರಾಕರಣೆ, ತಂದೆಯ ಆಜ್ಞೆ - ಈ ಆಶಯ ಕನ್ನಡಕ್ಕೆ ವಿಶಿಷ್ಟವಲ್ಲ. ಅಶೋಕನ ಮಗ ಕುಣಾಲನ ಕಥೆಯಲ್ಲಿ ಇದು ಬರುತ್ತದೆ. ತೆಲುಗು ನಾಡಿನಲ್ಲಿ ಪ್ರಸಿದ್ಧವಾದ ಸಾರಂಗಧರನ ಕಥೆಯಲ್ಲಿಯೂ ಬರುತ್ತದೆ. ಕನ್ನಡದ ವೈಶಿಷ್ಟ್ಯವಿರುವುದು ಈ ಆಶಯವನ್ನು ಒಂದು ನಾಡಿನ ಪತನಕ್ಕೆ ಹೆಣೆದಿರುವುದರಲ್ಲಿ. ಐತಿಹಾಸಿಕವಾಗಿ ಕಂಪಿಲಿ ರಾಜ್ಯ 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ಸೇನೆಗೆ ತುತ್ತಾಯಿತು. ಸುಲ್ತಾನನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾಉದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟದ್ದು ಮುಖ್ಯ ಕಾರಣ. ಕೆಲವು ವರ್ಷಗಳ ಅನಂತರ ದಿಲ್ಲಿಯ ಆಸ್ಥಾನದಲ್ಲಿದ್ದ ಇಬ್ನ್ ಬತೂತ ಈ ವೃತ್ತಾಂತವನ್ನು ಬರೆದಿದ್ದಾನೆ. ಶರಣು ಬಂದವನನ್ನು ಒಪ್ಪಿಸದ ರಾಯ, ಬೆಂಕಿಗೆ ಬಿದ್ದ ಹೆಂಗಸರು, ಕಾದಾಡಿ ಮಡಿದ ಗಂಡಸರು, ಸೆರೆಸಿಕ್ಕು ದಿಲ್ಲಿ ಸೇರಿದ ರಾಜಪುತ್ರರು ಅವನ ಬರಹದಲ್ಲಿದ್ದಾರೆ. ಚೆಂಡು, ರತ್ನಾಜಿ, ಬಿರುದು ಯಾವುವೂ ಇಲ್ಲ.

ದಿಲ್ಲಿಯ ದಾಖಲೆಯಲ್ಲಿ ರಾಜಕೀಯವಾಗಿರುವುದು ಕನ್ನಡದ ನೆನಪಿನಲ್ಲಿ ಲೈಂಗಿಕವಾಗುತ್ತದೆ. ನಾಡನ್ನು ಕಳೆದುಕೊಂಡ ಸಮಾಜವೊಂದು ತನ್ನ ಸೋಲಿಗೆ ಸಮಾಧಾನವನ್ನು ಒಬ್ಬ ತರುಣನ ದೇಹದಲ್ಲಿ ಕಂಡುಕೊಂಡಿತು: ಕೋಟೆ ಬಿತ್ತು, ಆದರೆ ನಮ್ಮ ಹುಡುಗ ಶುದ್ಧನಾಗಿದ್ದ. ಸುಲ್ತಾನನ ಮಗಳು ಬಾಬಮ್ಮ ಕೂಡ ಕುಮಾರರಾಮನಿಗೆ ಮನಸೋತಳೆಂದು ಕಥೆ ಹೇಳುವುದರಲ್ಲಿ ಇದೇ ತರ್ಕವಿದೆ. ಯುದ್ಧಭೂಮಿಯಲ್ಲಿ ಗೆಲ್ಲಲಾಗದ ದಿಲ್ಲಿಯನ್ನು ಅದರ ರಾಜಕುಮಾರಿಯ ಬಯಕೆಯಲ್ಲಿ ಗೆಲ್ಲಬಹುದು. ಅವಳನ್ನು ನಿರಾಕರಿಸಿ ಇನ್ನೊಮ್ಮೆ ಗೆಲ್ಲಬಹುದು.

ಈ ಕಥನದಲ್ಲಿ ಬಯಕೆಯ ಭಾಷೆಯೆಲ್ಲ ಹೆಣ್ಣುಗಳಿಗೆ ಹಂಚಿಕೆಯಾಗಿದೆ. ರತ್ನಾಜಿ ಬಯಸುತ್ತಾಳೆ, ಬಾಬಮ್ಮ ಬಯಸುತ್ತಾಳೆ. ಕುಮಾರರಾಮನ ಸ್ವಂತ ಒಲವು ಕಥೆಯ ಗತಿಯನ್ನು ಎಲ್ಲಿಯೂ ನಿರ್ಧರಿಸುವುದಿಲ್ಲ. ಪಂಪನ ಅರ್ಜುನ ಇರುಳೆಲ್ಲ ಹಂಬಲಿಸಿದರೂ ಅವನ ಗಂಡಸುತನಕ್ಕೆ ಚ್ಯುತಿಯಿರಲಿಲ್ಲ. ಕುಮಾರರಾಮನಿಗೆ ಒಂದು ನೋಟದ ಸಡಿಲಿಕೆಯೂ ಇಲ್ಲ. ಬಯಕೆಯನ್ನು ಹೆಣ್ಣಿನ ದೋಷವನ್ನಾಗಿಯೂ ಸಂಯಮವನ್ನು ಗಂಡಿನ ಸಹಜಗುಣವನ್ನಾಗಿಯೂ ಇಟ್ಟ ಈ ಹಂಚಿಕೆಯಲ್ಲಿ ಇಬ್ಬರಿಗೂ ನಷ್ಟವಿದೆ. ರತ್ನಾಜಿಗೆ ಕೆಟ್ಟ ಹೆಂಗಸಿನ ಹೆಸರು ಉಳಿಯುತ್ತದೆ. ಮುದಿಯ ರಾಯನಿಗೆ ಕಿರಿಯ ಹೆಂಡತಿಯಾಗಿ ಬಂದ ಅವಳ ಯೌವನದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ರಾಮನಿಗೆ ಬಿರುದು ಉಳಿಯುತ್ತದೆ. ಅವನು ಮನುಷ್ಯನಾಗಿ ಏನನ್ನು ಬಯಸಿದ ಎಂಬುದು ಉಳಿಯುವುದಿಲ್ಲ. ಮುದಿತನದಲ್ಲಿ ಹರೆಯದ ಹುಡುಗಿಯನ್ನು ತಂದ ರಾಯನ ಬಯಕೆ ಮಾತ್ರ ಯಾವ ವಿಚಾರಣೆಗೂ ಒಳಗಾಗದೆ ತಪ್ಪಿಸಿಕೊಳ್ಳುತ್ತದೆ. ತಲೆ ಕಡಿಸುವ ಅಧಿಕಾರವೂ ಅವನದೇ.

ಕೊನೆಯ ಯುದ್ಧದಲ್ಲಿ ದಿಲ್ಲಿಯ ಪರವಾಗಿ ಎದುರಾಗುವವಳು ಮಾತಂಗಿ ಎಂಬ ಹೆಣ್ಣು ಎಂದು ಪರಂಪರೆ ಹೇಳುತ್ತದೆ. ಕಥನಕಾರರ ಒಳನೋಟ ಇಲ್ಲಿ ಅಸಾಧಾರಣವಾದುದು. ಹೆಣ್ಣು ತಾಯಿ, ಹೆಣ್ಣು ತಂಗಿ ಎಂದು ಮಾತ್ರ ತಿಳಿದಿರುವ ಬಿರುದಿಗೆ, ಹೆಣ್ಣು ಸಮಬಲದ ಎದುರಾಳಿಯಾಗಿ ಬಂದು ನಿಂತಾಗ ಕೊಡಲು ಉತ್ತರವಿಲ್ಲ.

6

ಈಗ ಎರಡು ನಿರಾಕರಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಬಯಸದ ಅರ್ಜುನ ಗಂಡಲ್ಲವೆಂಬ ಶಾಪ ಪಡೆದ. ಬಯಸದ ರಾಮ ಗಂಡರಲ್ಲಿ ಗಂಡನೆಂಬ ಕೀರ್ತಿ ಪಡೆದ. ಕ್ರಿಯೆ ಒಂದೇ ಆಗಿದ್ದು ಫಲ ವಿರುದ್ಧವಾಗಿರುವುದರಿಂದ, ಗಂಡಸುತನ ಕ್ರಿಯೆಯಲ್ಲಿಲ್ಲ, ಅದನ್ನು ಹೆಸರಿಸುವವರ ಅಧಿಕಾರದಲ್ಲಿದೆ ಎಂಬುದು ಸ್ಪಷ್ಟ. ಶಾಪವೂ ಬಿರುದೂ ಒಂದೇ ವ್ಯವಸ್ಥೆಯ ಎರಡು ಕೈಗಳು. ಎರಡೂ ತರುಣನ ಮೇಲೆ ಹೊರಗಿನಿಂದ ಬರೆಯಲ್ಪಡುತ್ತವೆ. ಆದರೆ ಒಂದು ವ್ಯತ್ಯಾಸವಿದೆ. ಶಾಪಕ್ಕೆ ಅವಧಿಯಿದೆ, ಒಂದು ವರ್ಷದಲ್ಲಿ ಅದು ತೀರುತ್ತದೆ, ಅಷ್ಟರಲ್ಲಿ ಅರ್ಜುನ ಕಲಿಸುವುದನ್ನೂ ಕಾಪಾಡುವುದನ್ನೂ ಅರಿಯುತ್ತಾನೆ. ಬಿರುದಿಗೆ ಅವಧಿಯಿಲ್ಲ, ಅದನ್ನು ಹೊತ್ತವನು ಸಾಯುವವರೆಗೂ ಪರೀಕ್ಷೆಯಲ್ಲಿಯೇ ಇರಬೇಕು.

ನಮ್ಮ ಪರಂಪರೆಯಲ್ಲಿ ಇದಕ್ಕೆ ಹೊರದಾರಿ ಇರಲಿಲ್ಲವೆ ಎಂದು ಕೇಳಬಹುದು. 12ನೆಯ ಶತಮಾನದ ಶರಣರು ಈ ದಾರಿಯನ್ನು ತೆರೆದಿದ್ದರು. ಗಂಡು ಹೆಣ್ಣೆಂಬ ಗುರುತುಗಳು ದೇಹದವು, ನಡುವೆ ಸುಳಿಯುವ ಆತ್ಮಕ್ಕೆ ಅವು ಸಲ್ಲವು ಎಂಬ ಆಶಯದ ಜೇಡರ ದಾಸಿಮಯ್ಯನ ವಚನ ಪ್ರಸಿದ್ಧವೇ ಆಗಿದೆ. 'ಶರಣಸತಿ ಲಿಂಗಪತಿ' ಭಾವದಲ್ಲಿ ಗಂಡಸರು ಹೆಣ್ಣಿನ ದನಿಯಲ್ಲಿ ಹಂಬಲಿಸಿದರು, ಅತ್ತರು, ಶರಣಾದರು. ಕನ್ನಡ ಗಂಡಸಿನ ದೌರ್ಬಲ್ಯಕ್ಕೆ ಸಿಕ್ಕ ಘನತೆಯುಳ್ಳ ಭಾಷೆ ಇದು. ಆದರೆ ಅದರ ಮಿತಿಯನ್ನೂ ಗುರುತಿಸಬೇಕು: ಆ ಹಂಬಲ ದೇವರ ಕಡೆಗೆ ತಿರುಗಿದಾಗ ಮಾತ್ರ ಮಾನ್ಯ. ಇನ್ನೊಂದು ಮಾನವಜೀವದ ಎದುರಿಗೆ ಗಂಡಸು ಹೀಗೆ ಅಳಬಹುದೆಂಬ ಅನುಮತಿ ಅಲ್ಲಿಂದ ಮನೆಯಂಗಳಕ್ಕೆ ಇಳಿದುಬರಲಿಲ್ಲ.

ಬಿರುದಿನ ಇಂದಿನ ಬಾಳುವೆಯನ್ನು ಕುರಿತು ಎರಡು ಮಾತು ಅಗತ್ಯ. ಕುಮಾರರಾಮ ಹಲವು ಊರುಗಳಲ್ಲಿ ಇಂದಿಗೂ ಪೂಜೆಗೊಳ್ಳುತ್ತಾನೆ. ಆ ಭಕ್ತಿಯನ್ನು ನಾವು ಗೌರವಿಸುತ್ತೇವೆ. 2006ರಲ್ಲಿ ತೆರೆಕಂಡ ಅವನ ಕುರಿತ ಚಲನಚಿತ್ರಕ್ಕೆ 'ಗಂಡುಗಲಿ ಕುಮಾರರಾಮ' ಎಂಬ ಹೆಸರಿತ್ತು. ಸಹೋದರನ ಬಿರುದು ಹಿಂದೆ ಸರಿದು ಗಂಡುಗಲಿಯ ಬಿರುದು ಮುಂದೆ ಬಂದಿರುವುದು ಗಮನಾರ್ಹ. ಆದರೆ ಹೆಚ್ಚು ಕಳವಳದ ಸಂಗತಿ ಸಹೋದರ ಎಂಬ ಪದಕ್ಕೇ ಸಂಬಂಧಿಸಿದ್ದು. ಪರನಾರಿಗೆ ಸಹೋದರನಾಗುವುದೆಂದರೆ ತನ್ನ ಕೈಯನ್ನು ತಾನು ಕಟ್ಟಿಕೊಳ್ಳುವುದು ಎಂಬುದು ಹಳೆಯ ಅರ್ಥ. ಸಹೋದರನೆಂದ ಮೇಲೆ ಅವಳ ಮೇಲೆ ತನಗೆ ಕಾವಲಿನ ಹಕ್ಕಿದೆ ಎಂಬುದು ಹೊಸ ಅರ್ಥ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿದ್ದ ಹೆಣ್ಣುಮಕ್ಕಳನ್ನು ತರುಣರ ಗುಂಪೊಂದು ಹೊಡೆದು ಓಡಿಸಿದಾಗ ಕೇಳಿಬಂದ ಸಮರ್ಥನೆ ಸಂಸ್ಕೃತಿಯ ರಕ್ಷಣೆಯದಾಗಿತ್ತು. ಹೆಂಗಸರ ಕೂಗಿಗೆ ಓಗೊಟ್ಟು ಹೋದ ಪೆಣ್ಬುಯ್ಯಲಿನ ವೀರನಿಗೂ, ಹೆಂಗಸರು ಕೂಗುವಂತೆ ಮಾಡಿದ ಈ ತರುಣರಿಗೂ ನಡುವೆ ಇರುವ ಅಂತರವನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸ್ಪಷ್ಟವಾಗಿ ಹೇಳಬೇಕು. ಆ ತರುಣರ ಬಳಿ ತಮ್ಮ ಬಯಕೆಗಾಗಲಿ ಭಯಕ್ಕಾಗಲಿ ಬೇರೆ ಭಾಷೆಯಿರಲಿಲ್ಲ ಎಂಬುದು ವಿವರಣೆಯಾದೀತು, ಕ್ಷಮೆಯಾಗಲಾರದು.

ಬೇರೆ ಭಾಷೆಯ ಹುಡುಕಾಟ ಕನ್ನಡದಲ್ಲಿ ಆರಂಭವಾಗಿಲ್ಲವೆಂದಲ್ಲ. ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲಿ ಪ್ರಕಟವಾದಾಗ, ಗಂಡನ್ನು ಬಯಸುವ ಗಂಡಿನ ಒಂಟಿತನ, ಅವಮಾನ, ಆಸೆಗಳು ಕನ್ನಡ ಕಥೆಯಲ್ಲಿ ನೇರವಾಗಿ, ಮರೆಯಿಲ್ಲದೆ ಮಾತಾದವು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ವಯಸ್ಕರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಡುವುದಕ್ಕೆ ಐದು ವರ್ಷ ಮೊದಲೇ ಕನ್ನಡ ಓದುಗ ಆ ಲೋಕವನ್ನು ಪ್ರವೇಶಿಸಿದ್ದ. ಗಂಡಸುತನದ ಹೆಸರನ್ನು ಲೋಕ ಕೊಡದಿದ್ದರೂ ಬದುಕು ಮುಂದುವರಿಯುತ್ತದೆ ಎಂಬುದು ಬೃಹನ್ನಳೆಗೆ ತಿಳಿದಿತ್ತು. ಅದನ್ನು ಮೊದಲ ಬಾರಿಗೆ ವೇಷದ, ಶಾಪದ, ಅವಧಿಯ ನೆಪವಿಲ್ಲದೆ ಹೇಳಿದ್ದು ಇಂಥ ಬರವಣಿಗೆಯ ಸಾಧನೆ.

ಕೊನೆಯದಾಗಿ ನಮ್ಮ ವೃತ್ತಿಗೆ ಸಂಬಂಧಿಸಿದ ಒಂದು ಒಪ್ಪಿಗೆ. ವಿರಾಟಪರ್ವವನ್ನು ನಾವು ಅನೇಕ ವರ್ಷ ತರಗತಿಯಲ್ಲಿ ಹಾಸ್ಯರಸದ ನಿದರ್ಶನವಾಗಿಯೇ ಪಾಠ ಮಾಡಿದ್ದೇವೆ. ಉತ್ತರ ರಥದಿಂದ ಧುಮುಕುವ ಪದ್ಯಗಳಿಗೆ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವರು ಉತ್ತರನ ವಯಸ್ಸಿನ ಹುಡುಗರೇ. ಪಕ್ಕದವನು ನಗುತ್ತಿದ್ದಾನೆಯೇ ಎಂದು ನೋಡಿಕೊಂಡು ಅವರು ನಗುತ್ತಿದ್ದರೆಂಬುದು ಬಹಳ ತಡವಾಗಿ ನಮ್ಮ ಗಮನಕ್ಕೆ ಬಂದಿತು. ಆ ನಗೆಯೂ ಒಂದು ಪೆಂಡೇರ. ಪದ್ಯಗಳ ಸೊಗಸನ್ನು ಕಡೆಗಣಿಸದೆಯೇ, ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಲು ಸಾಧ್ಯವಿದೆ: ಸೇನೆಯೆಲ್ಲ ನಗುತ್ತಿದ್ದಾಗ ಬೃಹನ್ನಳೆ ಏಕೆ ನಗಲಿಲ್ಲ? ಈ ಪ್ರಶ್ನೆಯನ್ನು ಅಧ್ಯಾಪಕ ಮಿತ್ರರು ತಮ್ಮ ತಮ್ಮ ತರಗತಿಗಳಲ್ಲಿ ಕೇಳಿ ನೋಡಬೇಕೆಂದು ನಾವು ವಿನಂತಿಸುತ್ತೇವೆ. ಉತ್ತರ ಹೇಳಲು ಹುಡುಗರು ಸಮಯ ತೆಗೆದುಕೊಳ್ಳುತ್ತಾರೆ. ಆ ಸಮಯವನ್ನು ಅವರಿಗೆ ಕೊಡುವುದು ನಮ್ಮ ಹೊಣೆ.